ಹತ್ತನೆಯ ಸದ್ದು

ಸೇನೆಯ ಉಗ್ರಾಣದಲ್ಲಿ ನಲವತ್ತು ವರ್ಷ ಬಿದ್ದಿದ್ದ ಫಿರಂಗಿ ಶೆಲ್ಲುಗಳು ಮುದುಕರ ಹಾಗೆ ಕೆಮ್ಮುತ್ತ ಮೂಲೆಯಲ್ಲಿ ಕೂರುವಂಥವಲ್ಲ. ಒಳಗಿನ ಮದ್ದು ಕೆಟ್ಟರೆ ಯಾವಾಗ ಸಿಡಿಯುತ್ತವೋ ದೇವರೇ ಬಲ್ಲ. ಅದಕ್ಕೇ ವಾರಕ್ಕೊಮ್ಮೆ ಅವನ್ನು ಬಯಲಿಗೆ ಒಯ್ದು, ಹತ್ತು ಗುಂಡಿಗಳಲ್ಲಿಟ್ಟು, ಉದ್ದನೆಯ ಬತ್ತಿ ಹಚ್ಚಿ ಒಂದೊಂದೇ ಗುಂಡಿ ಸಿಡಿಸುತ್ತಿದ್ದರು. ಉಳಿದವರೆಲ್ಲ ಕಿವಿ ಮುಚ್ಚಿಕೊಂಡು ಮರಳುಮೂಟೆಗಳ ಹಿಂದೆ ಅಡಗಿದರೆ, ಒಬ್ಬ ಮಾತ್ರ ಕಿವಿ ತೆರೆದುಕೊಂಡು ಗುಂಡಿಗೊಂದರಂತೆ ಹತ್ತು ಸದ್ದು ಎಣಿಸಬೇಕು. ಇಪ್ಪತ್ತಾರು ವರ್ಷದಿಂದ ಆ ಒಬ್ಬ ನಮ್ಮ ಎಣಿಕೆಯಣ್ಣ. ಅವನು ಹತ್ತು ಎಂದರೆ ಮುಗಿಯಿತು, ಸಾಹೇಬರೂ ತುಟಿ ಬಿಚ್ಚುತ್ತಿರಲಿಲ್ಲ. ಆ ಒಂದು ಮಾತು ನಂಬಿ ಎಲ್ಲರಿಗಿಂತ ಮೊದಲು ಗುಂಡಿಗೆ ಇಳಿದು ನೋಡುವವನು ಅವನ ಹೆಂಡತಿಯ ತಮ್ಮ. ಅವನನ್ನು ಈ ಕೆಲಸಕ್ಕೆ ಸೇರಿಸಿದವನೂ ಎಣಿಕೆಯಣ್ಣನೇ.

ಅಷ್ಟು ಸಿಡಿತ ಕೇಳಿದ ಕಿವಿ ಎಷ್ಟು ದಿನ ಬಾಳೀತು? ಎರಡು ವರ್ಷದ ಹಿಂದೆ ಎರಡೂ ಕೈಕೊಟ್ಟವು. ಹೇಳಿದ್ದರೆ ಯಾವುದೋ ಬಾಗಿಲ ಬಳಿ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಅದನ್ನು ನೆನೆದರೇ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಕೂಗಿ ಕೂಗಿ ಸುಸ್ತಾದ ಹೆಂಡತಿ, ಬೇಕೆಂದೇ ಹೀಗೆ ಮಾಡುತ್ತಾನೆಂದು ಗಂಡಂದಿರ ಕುಲವನ್ನೇ ಬೈದಳು. ಅವನು ನಕ್ಕುಬಿಟ್ಟ. ಬಯಲಿನಲ್ಲಿ ಬೂಟು ಕಳಚಿ, ಬರಿಗಾಲಲ್ಲಿ ನಿಂತು ನೆಲದ ಅದುರು ಎಣಿಸುವುದನ್ನು ರೂಢಿ ಮಾಡಿಕೊಂಡ. ಮರ್ಯಾದೆ ಉಳಿಯಿತು ಅಂದುಕೊಂಡ. ನನ್ನನ್ನು ಕೇಳಿದರೆ ಅದು ಶುದ್ಧ ಹುಂಬತನ.

ಆ ಬುಧವಾರ ಒಂಬತ್ತರವರೆಗೆ ಅಂಗಾಲಿಗೆ ಸರಿಯಾಗಿಯೇ ತಿಳಿಯಿತು. ಅಷ್ಟರಲ್ಲಿ ಬೆನ್ನ ಹಿಂದೆ ನಿಂತಿದ್ದ ನೀರಿನ ಲಾರಿಯವನು ಇಂಜಿನ್ ಚಾಲೂ ಮಾಡಿದ. ನೆಲವಿಡೀ ಗಡಗಡ ಅದುರತೊಡಗಿತು. ಒಂಬತ್ತು ಆಗಿತ್ತು, ಅದು ಖಾತ್ರಿ. ಹತ್ತು? ಹೊಗೆಯೆಲ್ಲ ಒಂದಾಗಿ ಕಣ್ಣಿಗೂ ಏನೂ ತಿಳಿಯುವಂತಿರಲಿಲ್ಲ.

ಕಾಯಬೇಕಾದ ಅರ್ಧ ಗಂಟೆ ಕಳೆಯಿತು. ಭಾವಮೈದುನ ಎದ್ದು ಬಂದು, ಆಯ್ತಾ ಎಂಬಂತೆ ಹುಬ್ಬೇರಿಸಿದ. ಬರೀ ತಲೆ ಆಡಿಸಿದ್ದರೆ ಸಾಕಿತ್ತು. ಎಣಿಕೆಯಣ್ಣ ಗುಂಡಿಗಳ ಕಡೆ ನೋಡಿದ. ಭಾವಮೈದುನ ಅದನ್ನೇ ಹೂಂ ಎಂದುಕೊಂಡು ಗುಂಡಿಗಳ ಕಡೆ ಹೆಜ್ಜೆ ಹಾಕಿದ. ಎಣಿಕೆಯಣ್ಣ ಓಡಿಹೋಗಿ ಅವನ ತೋಳು ಹಿಡಿದುಕೊಂಡ.

"ಹೋಗ್ಬೇಡ. ಒಂಬತ್ತೋ ಹತ್ತೋ ನಂಗೊತ್ತಿಲ್ಲ. ನಂಗೆ ಕಿವಿ ಕೇಳಲ್ಲ ಕಣೋ, ಎರಡು ವರ್ಷ ಆಯ್ತು."

ಅಂದು ಯಾರೂ ಗುಂಡಿಗೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ, ಕೊನೆಯ ಗುಂಡಿಯಲ್ಲಿ ಬತ್ತಿ ಗೇಣುದ್ದ ಉಳಿದು ಆರಿತ್ತು. ಶೆಲ್ಲುಗಳು ಇಟ್ಟ ಹಾಗೇ ಇದ್ದವು. ಈಗಲಾದರೂ ನಿಜ ಹೇಳಿದನಲ್ಲ ಎಂದು ಸಾಹೇಬರು ಬೆನ್ನು ತಟ್ಟಿದರು. ಭಾವಮೈದುನ ಬೆನ್ನು ತಟ್ಟಲಿಲ್ಲ. ತುಟಿ ಕಾಣುವಂತೆ ಎದುರಿಗೇ ಬಂದು ನಿಂತು, ಬಿಡಿಸಿ ಬಿಡಿಸಿ ಕೇಳಿದ.

"ಎರಡು ವರ್ಷದಲ್ಲಿ ನೂರು ಸಲ ಇಳಿದಿದ್ದೀನಿ ಭಾವ. ಅಷ್ಟು ಸಲಾನೂ ನೀವು ಹೇಳಿದ್ದು ಅಂದಾಜಾ?"

ಕಾಲಿಗೆ ತಿಳಿಯುತ್ತಿತ್ತು, ಒಂದು ಸಲವೂ ತಪ್ಪಿರಲಿಲ್ಲ ಎಂದು ಹೇಳಲು ಎಣಿಕೆಯಣ್ಣ ಬಾಯಿ ತೆರೆದ. ಆಮೇಲೆ ಅದನ್ನು ಮುಚ್ಚಿ, ಹೌದೆಂದು ತಲೆಯಾಡಿಸಿದ.