ನಮ್ಮ ಮನೆತನದ ಗ್ಯಾಸ್

ನಮ್ಮ ಮನೆತನದಲ್ಲಿ ಹೃದಯಾಘಾತದಿಂದ ಯಾರೂ ಸತ್ತಿಲ್ಲ. ಎಲ್ಲರೂ ಗ್ಯಾಸಿನಿಂದ ಹೋದವರು. ಅಜ್ಜ ನಲವತ್ತೆರಡರಲ್ಲಿ ಹಾಗೆ, ದೊಡ್ಡಪ್ಪ ನಲವತ್ತಾರರಲ್ಲಿ ಹಾಗೆ. ಅಪ್ಪನೂ ನಲವತ್ತೈದರಲ್ಲಿ, ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಸೋಡಾ ತರಲು ಹೇಳಿದರು. ಸೋಡಾ ಬರುವಷ್ಟು ಹೊತ್ತು ಉಳಿಯಲಿಲ್ಲ. ಉಡುಪಿ ಕಡೆಯ ಹೋಟೆಲಿನವರು ನಾವು, ಎದೆಗೆ ಏನಾದರೂ ಹೊಟ್ಟೆಯನ್ನೇ ದೂರುತ್ತೇವೆ.

ಹನ್ನೊಂದು ವರ್ಷದ ಮಗಳು ಶ್ರಾವ್ಯಾಳನ್ನು ಕೆಮ್ಮಿಗೆಂದು ಕರೆದೊಯ್ದಾಗ, ಮನೆಯಲ್ಲಿ ಯಾರಾದರೂ ಚಿಕ್ಕ ಪ್ರಾಯದಲ್ಲಿ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರಮ್ಮ ಹೊಸ ಫೈಲು ತುಂಬುತ್ತಾ ಕೇಳಿದರು. ನಾನು ಈ ಗ್ಯಾಸಿನ ವಂಶಾವಳಿಯನ್ನು ಉತ್ಸಾಹದಿಂದಲೇ ಒಪ್ಪಿಸಿದೆ. ಅವರು ನಗಲಿಲ್ಲ. ಮಗುವಿನ ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಕೊಲೆಸ್ಟರಾಲ್ ವಿಪರೀತ ಎಂದು ರಿಪೋರ್ಟ್ ಬಂದಾಗ ನನಗೆ ಸಿಟ್ಟೇ ಬಂತು. ಅದು ನನ್ನಂಥ ಹೊಟ್ಟೆಯುಳ್ಳವರ ಸೊತ್ತು. ಈ ನುಗ್ಗೆಕೋಡಿಗೆ ಎಲ್ಲಿಂದ? ಸಣಕಲು ಎಂದಲ್ಲವೇ, ದಿನಾ ಬೋಣಿಗೆ ಮುಂಚೆ ಕಾವಲಿಯ ಮೊದಲ ದೋಸೆಯನ್ನು ಬೆಣ್ಣೆಯಲ್ಲಿ ಮುಳುಗಿಸಿ ಅವಳಿಗೆ ಕೊಡುತ್ತಿದ್ದದ್ದು? ಮನೆಯ ಮಗು ತಿಂದರೆ ದಿನ ಚೆನ್ನಾಗಿರುತ್ತದೆ ಎಂಬುದು ಅಪ್ಪನ ಕಾಲದ ಪದ್ಧತಿ. ಲ್ಯಾಬಿನವರದೇ ತಪ್ಪೆಂದು ಠಾಣೆ ಪೇಟೆಯ ದೊಡ್ಡ ಲ್ಯಾಬಿಗೆ ಹೋಗಿ ಮತ್ತೆ ಮಾಡಿಸಿದೆ. ಅಲ್ಲೂ ಅದೇ.

ಬೆಣ್ಣೆ ಬಿಡಬೇಕು ನಿಜ, ಆದರೆ ಇದು ಬೆಣ್ಣೆಯಿಂದ ಬಂದದ್ದಲ್ಲ, ಹೆತ್ತವರಿಂದ ಬಂದದ್ದು, ನೀವಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು ಡಾಕ್ಟರಮ್ಮ. ಹೆಂಡತಿಯದು ಸರಿಯಿತ್ತು. ನನ್ನದನ್ನು ನೋಡಿದವರು ನೇರ ಹೃದಯದ ಡಾಕ್ಟರ ಬಳಿಗೆ ಕಳಿಸಿದರು. ಒಂದು ರಕ್ತನಾಳ ಮುಕ್ಕಾಲುಪಾಲು ಮುಚ್ಚಿತ್ತು. ಆಗ ನನಗೆ ನಲವತ್ತನಾಲ್ಕು.

ನನಗೆ ಸ್ಟೆಂಟ್ ಹಾಕಿದರು. ಮಗಳಿಗೆ ಕೆಲವು ತಿಂಗಳು ಪಥ್ಯ, ಅದು ಸಾಲದಾದಾಗ ದಿನಕ್ಕೊಂದು ಮಾತ್ರೆ. ಇಷ್ಟು ಸಣ್ಣವಳಿಗೆ ಜೀವನಪೂರ್ತಿ ಮಾತ್ರೆಯೇ ಎಂದು ನಾನು ಕಣ್ಣೊರೆಸಿಕೊಂಡರೆ, ಅವಳು ಕನ್ನಡಕ ಸರಿಮಾಡಿಕೊಂಡಳು.

"ಪಪ್ಪಾ, ಚಷ್ಮಾ ಭೀ ತೋ ರೋಜ್ ಲಗಾತೀ ಹೂಂ." ಕನ್ನಡಕವನ್ನೂ ದಿನಾ ಹಾಕಿಕೊಳ್ಳುತ್ತೇನಲ್ಲ ಎಂಬುದು ಅವಳ ಲೆಕ್ಕ.

ಈಗ ಅವಳಿಗೆ ಹದಿನಾಲ್ಕು. ರಿಪೋರ್ಟ್ ಹತೋಟಿಯಲ್ಲಿದೆ. ಮೊದಲ ದೋಸೆ ಇಂದಿಗೂ ಅವಳದೇ, ಬೆಣ್ಣೆಯಿಲ್ಲದೆ. ಅರ್ಧ ಮುರಿದು ನನಗೆ ಕೊಡುತ್ತಾಳೆ, ನಾನು ಮಾತ್ರೆ ನುಂಗಿದ್ದನ್ನು ಖಾತ್ರಿ ಮಾಡಿಕೊಂಡು ಶಾಲೆಗೆ ಹೋಗುತ್ತಾಳೆ. ನಾನು ಬದುಕಿರುವುದು ಈ ಹುಡುಗಿಯ ಒಂದು ಕೆಮ್ಮಿನಿಂದ. ಅದನ್ನು ನೆನೆದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ಕಳೆದ ವಾರ ಗಲ್ಲಾದಲ್ಲಿ ಕೂತಿದ್ದಾಗ ಎದೆ ಹಿಡಿದಂತಾಯಿತು. ಬಾಯಿಗೆ ಸೋಡಾ ಎಂಬ ಮಾತು ಬರುವಷ್ಟರಲ್ಲಿ ಮಗಳು ರಿಕ್ಷಾ ನಿಲ್ಲಿಸಿಯಾಗಿತ್ತು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು, ಹೃದಯಕ್ಕೇನೂ ಆಗಿಲ್ಲ, ಬರೀ ಗ್ಯಾಸ್ ಎಂದರು. ನಲವತ್ತೇಳು ದಾಟಿದ, ನಿಜವಾಗಿಯೂ ಗ್ಯಾಸ್ ಆದ ಮೊದಲ ಗಂಡಸು ನಮ್ಮ ಮನೆತನದಲ್ಲಿ ನಾನೇ.