ಹೆಗ್ಗಣದ ಇಂಗ್ಲಿಷ್

ಶ್ರೀನಿವಾಸಪುರದ ಮಾವಿನ ಮಂಡಿಯ ಮಹಡಿಯಲ್ಲಿ, ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಫೇಲಾದವರಿಗೆ ಪಾಠ ಹೇಳುವ ಚನ್ನರಾಯಪ್ಪ ಮೇಷ್ಟ್ರು ಯಾವ ಇಂಗ್ಲಿಷ್ ಪದ ಸಿಕ್ಕಿದರೂ ಅದರ ತವರು ಹುಡುಕುತ್ತಾರೆ. “ಹೊಗೆಸೊಪ್ಪು ಸುರುಟಿದ್ರೆ ಚೆರೂಟು, ಬೊಟ್ಟಿನಷ್ಟಿದ್ರೆ ಬಟನ್ನು!” ಎರಡನೆಯದು ಶುದ್ಧ ಬುರುಡೆ, ಆದರೆ ಅವರ ಮೀಸೆ ನೋಡಿದವರು ಅಲ್ಲವೆನ್ನಲಾರರು. ಮೊನ್ನೆ, “ಇನ್ನು ಪರೀಕ್ಷೆ ಕಟ್ಟಲ್ಲ ಸಾರ್” ಎಂದು ಪುಸ್ತಕ ಹಿಂದಿರುಗಿಸಲು ಬಂದ ಮುತ್ಯಾಲಮ್ಮನನ್ನು ತಡೆದು ಕೇಳಿದರು: “ರಾಗಿ ತಿನ್ನೋ ಹೆಗ್ಗಣಾನ ನಿಮ್ಮಜ್ಜಿ ತೆಲುಗಲ್ಲಿ ಏನಂತಾರಮ್ಮ?” “ಪಂದಿಕೊಕ್ಕು ಅಂತಾರೆ.” “ಅದನ್ನೇ ಇಂಗ್ಲಿಷರು ನಾಲಿಗೆ ತಿರುಗದೆ ಬ್ಯಾಂಡಿಕೂಟ್ ಅಂದ್ರು. ನಿಮ್ಮಜ್ಜಿ ಹತ್ರ ಕಲಿತೋರಿಗೆ ನೀನು ಹೆದರ್ತೀಯಾ?” ಮುತ್ಯಾಲಮ್ಮ ಬಾಯಿಗೆ ದಾವಣಿ ಒತ್ತಿಕೊಂಡು ನಕ್ಕಳು. ಚಾಚಿದ್ದ ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿದಳು. “ಪರೀಕ್ಷೆ ಕಟ್ಟೋಕೆ ಕೊನೇ ದಿನ ಯಾವತ್ತು ಸಾರ್?”