ಸಿಹಿನೀರಿನ ಬಾವಿಗೆ ಕೀಲಿ ಬಿದ್ದ ಬೇಸಿಗೆ

ಅಮ್ಮಿನಬಾವಿಯಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದಾಗ ನನಗೆ ಮೊದಲು ಬೇಜಾರಾದದ್ದು ಅಲ್ಲಿನ ನೀರು. ನಮ್ಮ ಓಣಿಯಲ್ಲಿ ಮನೆಗೊಂದರಂತೆ ಬಾವಿ ಇದ್ದವು, ಆದರೆ ಎಲ್ಲವೂ ಸವಳು, ಕುಡಿಯಲು ಬಾರದಂಥವು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ನಾರಿನಂತಾಗುತ್ತಿತ್ತು. ಸಿಹಿನೀರು ಇದ್ದದ್ದು ಒಂದೇ ಕಡೆ, ಓಣಿಯ ತುದಿಯಲ್ಲಿದ್ದ ಹತ್ತಿ ಸಾಹುಕಾರರ ವಾಡೆಯ ಹಿತ್ತಲಲ್ಲಿ. ಬೆಳಿಗ್ಗೆ ನಾವೆಲ್ಲ ಕೊಡ ಹಿಡಿದು ಆ ಹಿತ್ತಲ ಬಾಗಿಲಿನ ಮುಂದೆ ಸಾಲುಗಟ್ಟುತ್ತಿದ್ದೆವು. ಸಾಹುಕಾರರು ಮಾಳಿಗೆಯ ಮೇಲೆ ನಿಂತು ಹಲ್ಲುಜ್ಜುತ್ತ ನಮ್ಮನ್ನು ನೋಡುತ್ತಿದ್ದರು. ನಮಗೆ ಸಿಟ್ಟೇನೂ ಇರಲಿಲ್ಲ. ಬಾವಿ ಅವರದು, ನೀರು ಕೊಡುತ್ತಿದ್ದರು, ಅಷ್ಟೇ.

ಆ ಸಾಲಿನಲ್ಲಿ ಯಾವಾಗಲೂ ಜಗಳ ತೆಗೆಯುತ್ತಿದ್ದವಳು ರೊಟ್ಟಿ ಅಜ್ಜಿ. ಗಂಡ, ಮಕ್ಕಳು ಯಾರೂ ಇಲ್ಲದ ಮುದುಕಿ. ನಮ್ಮ ಮನೆಯ ಪಕ್ಕದ ಒಂದು ಕೋಣೆಯಲ್ಲಿದ್ದಳು. ಮನೆ ಮನೆಯ ಜೋಳದ ಹಿಟ್ಟು ಇಸಿದುಕೊಂಡು ರೊಟ್ಟಿ ಬಡಿದುಕೊಡುವುದು ಅವಳ ಕಸುಬು. ಸಣ್ಣ ಹೆಂಗಸು, ಕೈ ಮಾತ್ರ ಗಂಡಸಿನ ಕೈಯಂಥವು. ಬಾಯಿ ಬಹಳ ಕೆಟ್ಟದ್ದು. ಕೊಡ ತಾಗಿದರೆ ಸಾಕು, ನಮ್ಮ ತವರಿನವರನ್ನೆಲ್ಲ ಎಳೆದು ಬೈಯುತ್ತಿದ್ದಳು. ತಂಬಾಕು ಅಗಿದು ಎಲ್ಲೆಂದರಲ್ಲಿ ಉಗುಳುತ್ತಿದ್ದಳು. ಕೊಟ್ಟ ಹಿಟ್ಟಿನಲ್ಲಿ ಒಂದು ಹಿಡಿ ತನ್ನ ಗಡಿಗೆಗೆ ಹಾಕಿಕೊಳ್ಳುತ್ತಾಳೆಂದು ನಮ್ಮತ್ತೆ ಹೇಳುತ್ತಿದ್ದರು. ಅದು ಖರೆಯೇ ಇತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಅವಳ ಬಗ್ಗೆ ಮುಂದೆ ಒಳ್ಳೆಯ ಮಾತುಗಳು ಬರಲಿವೆ, ಅದಕ್ಕೇ ಇದನ್ನು ಮೊದಲು ಹೇಳಿಬಿಟ್ಟೆ.

ನಾನು ಬಂದ ಎರಡನೆಯ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಮೊದಲು ಕೆರೆಯ ಆಚೆ ಯಾರೋ ಸತ್ತರೆಂದು ಸುದ್ದಿ, ಆಮೇಲೆ ಪಕ್ಕದ ಓಣಿ, ಆಮೇಲೆ ನಮ್ಮದು. ಒಂದು ಬೆಳಿಗ್ಗೆ ಕೊಡ ಹಿಡಿದು ಹೋದರೆ ಸಾಹುಕಾರರ ಹಿತ್ತಲ ಬಾಗಿಲಿಗೆ ಕಬ್ಬಿಣದ ಚಿಲಕ, ಅದಕ್ಕೊಂದು ದೊಡ್ಡ ಕೀಲಿ. ರೊಟ್ಟಿ ಅಜ್ಜಿ ಬಾಗಿಲು ಬಡಿದಳು. ಸಾಹುಕಾರರು ಮಾಳಿಗೆಯಿಂದ ಬಗ್ಗಿ ನೋಡಿದರು.

"ಬಾವಿ ಬತ್ತೇತಿ. ಎಲ್ಲಾರೂ ಮನಿಗೆ ನಡೀರಿ," ಎಂದರು.

"ನಿನ್ನೆ ಸಂಜಿಕ ತುಂಬಿತ್ತಲ್ರೀ, ಒಂದ ರಾತ್ರ್ಯಾಗ ಯಾರ ಕುಡದ್ರು?" ಎಂದಳು ಅಜ್ಜಿ.

"ಬತ್ತೇತಿ ಅಂದ್ನಲ್ಲ."

ಅವರು ಒಳಗೆ ಹೋದರು. ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆರೆಯ ದಾರಿ ಹಿಡಿದೆವು. ಕೆರೆಯಲ್ಲಿ ನೀರು ತಳಕ್ಕೆ ಹೋಗಿತ್ತು, ಮೇಲೆ ಹಸಿರು ಪೊರೆ ಕಟ್ಟಿತ್ತು. ಒಂದು ಕಡೆ ಎಮ್ಮೆಗಳು, ಒಂದು ಕಡೆ ರೋಗಿಗಳ ಬಟ್ಟೆ ಒಗೆಯುವವರು. ಸೆರಗು ಮಡಚಿ ಕೊಡದ ಬಾಯಿಗೆ ಹಿಡಿದು ಸೋಸಿ ತುಂಬಿಕೊಂಡೆವು. ಸೋಸಿದ ಮೇಲೂ ಆ ನೀರಿಗೆ ಕೆಸರಿನ ವಾಸನೆ. ಕಾಸಿ ಕುಡಿಯಬೇಕೆಂದು ಆಸ್ಪತ್ರೆಯವರು ಡಂಗುರ ಹೊಡೆಸಿದ್ದರು. ಕಟ್ಟಿಗೆ ಇದ್ದ ಮನೆಯವರು ಕಾಸಿದರು, ಇಲ್ಲದವರು ಹಾಗೆಯೇ ಕುಡಿದರು. ನಮ್ಮ ಎದುರು ಮನೆಯಾಕೆಯ ನಡೆಯಲು ಕಲಿತಿದ್ದ ಕೂಸು ಅದೇ ವಾರ ಹೋಯಿತು.

ನಂತರ ನಮ್ಮತ್ತೆಗೆ ಹಿಡಿಯಿತು. ನನ್ನ ಗಂಡ ಕಿರಾಣಿ ಅಂಗಡಿ ಮುಚ್ಚಿ ವೈದ್ಯರನ್ನು ಕರೆಯಲು ಓಡಿದರು. ಓಣಿಯಲ್ಲಿ ಎಲ್ಲರ ಬಾಗಿಲೂ ಮುಚ್ಚಿದ್ದವು. ಬಂದವಳು ರೊಟ್ಟಿ ಅಜ್ಜಿ ಒಬ್ಬಳೇ. ಬಂದವಳೇ ನನ್ನನ್ನು ಬೈದಳು.

"ಏನ ನಿಂತು ನೋಡಾಕತ್ತೀ? ಒಲಿ ಹಚ್ಚು. ಗಂಜಿ ಮಾಡು, ಉಪ್ಪು ಹಾಕು. ನಿಮ್ಮತ್ತಿ ಸತ್ತರ ನಿನಗ ಬೈಯೋರು ಯಾರ ಇರ್ತಾರ?"

ನಮ್ಮತ್ತೆಯ ಹೊಲಸು ಬಟ್ಟೆಯನ್ನು ಅವಳೇ ಬದಲಿಸಿದಳು. ನಾನು ಮುಂದೆ ಹೋದರೆ ಕೈ ತಳ್ಳಿದಳು. "ನೀ ಇನ್ನೂ ಹುಡುಗಿ, ದೂರ ಇರು. ನನಗೇನ, ಇವತ್ತ ಇಲ್ಲ ನಾಳೆ." ನಮ್ಮತ್ತೆ ಉಳಿದರು. ಅಜ್ಜಿ ಇನ್ನೂ ಎರಡು ಮನೆಗಳಿಗೆ ಹೀಗೆಯೇ ಹೋಗಿ ಬಂದಳು. ಆಮೇಲೆ ಅವಳೇ ಮಲಗಿದಳು.

ನಾನು ಗಂಜಿ ಒಯ್ದಾಗ ಅವಳ ಕಣ್ಣು ಒಳಗೆ ಹೋಗಿದ್ದವು, ಆ ದೊಡ್ಡ ಕೈಗಳು ಮುದುಡಿದ್ದವು. ಗಂಜಿ ಬೇಡವೆಂದು ತಲೆಯಾಡಿಸಿದಳು. "ಸೀನೀರು ಒಂದ ಗುಟುಕ ಹಾಕ ತಂಗಿ. ಕೆರಿ ನೀರ ಬ್ಯಾಡ, ಅದರ ವಾಸನಿಗೇ ಹೊಟ್ಟಿ ತೊಳಸತೈತಿ," ಎಂದಳು.

ತಂಬಿಗೆ ಹಿಡಿದು ಸಾಹುಕಾರರ ವಾಡೆಗೆ ಹೋದೆ. ಬಾಗಿಲು ಬಡಿದೆ, ಸಾಹುಕಾರರೇ ಎಂದು ಕರೆದೆ, ಅಜ್ಜಿ ಸಾಯುತ್ತಿದ್ದಾಳೆ, ಒಂದು ತಂಬಿಗೆ ಸಾಕು ಎಂದು ಕೂಗಿದೆ. ಒಳಗಿನಿಂದ ಆಳಿನ ದನಿ ಬಂತು: "ನೀರಿಲ್ಲವ್ವಾ, ಹೋಗು." ತಿರುಗಿ ಹೊರಟಾಗ ಕಾಲಿಗೆ ತಂಪು ತಗಲಿತು. ಕೆಳಗೆ ನೋಡಿದೆ. ವಾಡೆಯ ಗೋಡೆಯ ಬುಡದಿಂದ ನೀರು ಹರಿದು ಗಟಾರಕ್ಕೆ ಸೇರುತ್ತಿತ್ತು, ಸಗಣಿ ಬೆರೆತ ನೀರು. ಒಳಗೆ ಬಾವಿಯ ಗಡಗಡಿ ತಿರುಗುವ ಸದ್ದು, ಆಳು ಎಮ್ಮೆಯ ಮೈ ತಿಕ್ಕುತ್ತ ಅದನ್ನು ಮುದ್ದಿನಿಂದ ಮಾತಾಡಿಸುವ ಸದ್ದು. ನನ್ನ ಅಂಗಾಲೆಲ್ಲ ಆ ನೀರು. ಅಂದು ಬಂದ ಹೇಸಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮನೆಗೆ ಬಂದು ಕೆರೆಯ ನೀರನ್ನೇ ಕಾಸಿ, ಆರಿಸಿ, ಏಲಕ್ಕಿ ಕುಟ್ಟಿ ಹಾಕಿ ಅಜ್ಜಿಗೆ ಕುಡಿಸಿದೆ. ಅವಳು ಮುಖ ಕಿವುಚಿದಳು, ಆದರೆ ಬೈಯಲಿಲ್ಲ. ಬೈಯದಿದ್ದುದನ್ನು ನೋಡಿಯೇ ನನಗೆ ಗೊತ್ತಾಯಿತು. ಮರುದಿನ ಹೊತ್ತು ಏರುವುದರೊಳಗೆ ಹೋದಳು.

ಅಂತ್ಯಕ್ರಿಯೆ ಮಾಡಿಸುವ ಅಯ್ಯನವರನ್ನು ಕರೆಯಲು ಹೋದರೆ ಅವರು ಊರಲ್ಲಿಲ್ಲ ಎಂದು ಮನೆಯವರು ಹೇಳಿದರು. ನನ್ನ ಗಂಡ ಮತ್ತು ಇನ್ನು ಮೂರು ಜನ ಅಜ್ಜಿಯನ್ನು ಕಂಬಳಿಯಲ್ಲಿ ಹೊತ್ತುಕೊಂಡು ಹೋದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಭಜನೆಯೊಂದಿಗೆ ಒಯ್ಯುವುದು ರೂಢಿ. ಅಜ್ಜಿಗೆ ವಿಭೂತಿ ಹಚ್ಚಿದವರು ನಮ್ಮತ್ತೆ. ಗೋಡೆ ಹಿಡಿದುಕೊಂಡು ಎದ್ದು ಬಂದು ಹಚ್ಚಿದರು.

ಮಳೆ ಬಿದ್ದಿತು, ರೋಗ ಹೋಯಿತು, ಹಿತ್ತಲ ಬಾಗಿಲು ತೆರೆಯಿತು. ಅದಾಗಿ ಸ್ವಲ್ಪ ದಿನಕ್ಕೆ ಸಾಹುಕಾರರು ಊಟಕ್ಕೆ ಕುಳಿತಲ್ಲೇ ಎದೆ ಹಿಡಿದುಕೊಂಡು ತೀರಿಹೋದರು. ಅವರನ್ನು ಕೂರಿಸಿ ಒಯ್ಯಲು ಬಾಳೆಕಂಬದ ವಿಮಾನ ಕಟ್ಟಿದರು, ಭಜನೆಯ ಮೇಳ ಬಂತು. ಅಯ್ಯನವರೂ ಊರಲ್ಲಿದ್ದರು.

ಶ್ರಾವಣದಲ್ಲಿ ನಮ್ಮ ಸಮಾಜದ ಹಿರಿಯರು ಮಠದ ಪಡಸಾಲೆಯಲ್ಲಿ ಒಂದು ಸಭೆ ಇಟ್ಟುಕೊಂಡರು. ಆ ವರ್ಷ ಲಿಂಗೈಕ್ಯರಾದವರನ್ನೆಲ್ಲ ನೆನೆಯುವುದು, ಆಮೇಲೆ ಪ್ರಸಾದ. ಅಡಿಗೆಯ ಖರ್ಚು ಸಾಹುಕಾರರ ಮನೆಯವರದು. ಹೆಂಗಸರು ಕಂಬಗಳ ಹಿಂದೆ ಕುಳಿತೆವು. ಒಳಗಿನಿಂದ ಹೂರಣ ಕುದಿಯುವ ವಾಸನೆ ಬರುತ್ತಿತ್ತು, ನೊಣಗಳು ಮುತ್ತಿದ್ದವು.

ನಿವೃತ್ತರಾದ ಸಾಲಿ ಮಾಸ್ತರರೊಬ್ಬರು ಎದ್ದು ನಿಂತರು. ಸಾಹುಕಾರರ ಗುಣಗಳನ್ನು ಹೇಳುತ್ತ ಹೇಳುತ್ತ ಬಾವಿಗೆ ಬಂದರು. "ಆ ಸುಡುಬೇಸಿಗೆಯಲ್ಲಿ, ಆ ಮಹಾಮಾರಿಯ ಕಾಲದಲ್ಲಿ, ಈ ಓಣಿಯ ಬಾಯಾರಿಕೆಯನ್ನು ತಣಿಸಿದವರು ಯಾರು? ಜಲದಾನಕ್ಕಿಂತ ದೊಡ್ಡ ದಾನ ಯಾವುದು?" ಎಂದು ಕೈ ಎತ್ತಿದರು. ಮಾಸ್ತರರ ಹೆಂಡತಿ ನನ್ನೊಂದಿಗೇ ಕೆರೆಯಿಂದ ನೀರು ಹೊತ್ತವಳು. ಗಂಡಸರು ತಲೆದೂಗಿದರು. ಅದನ್ನಾದರೂ ಸಹಿಸುತ್ತಿದ್ದೆನೇನೋ. ನನ್ನ ಪಕ್ಕದಲ್ಲಿ ಕೂಸು ಕಳೆದುಕೊಂಡ ಎದುರು ಮನೆಯಾಕೆ ಕುಳಿತಿದ್ದಳು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಖರೇ ಐತಿ, ಧರ್ಮಾತ್ಮರು," ಎಂದಳು.

ನಾನು ಅವಳ ಮುಖವನ್ನೇ ನೋಡಿದೆ. ಅವಳು ನಾಟಕ ಮಾಡುತ್ತಿರಲಿಲ್ಲ. ಅಷ್ಟು ಜನ ಗಂಡಸರು ಹೇಳಿದ ಮೇಲೆ ಅವಳಿಗೆ ಅದು ನಿಜವೇ ಆಗಿಹೋಗಿತ್ತು.

ರೊಟ್ಟಿ ಅಜ್ಜಿಯ ಪಾಲಿಗೆ ಬಂದದ್ದು, "ಇನ್ನುಳಿದ ಕೆಲವರಿಗೂ ಶಿವನು ಶಾಂತಿ ಕೊಡಲಿ" ಎಂಬ ಒಂದು ಮಾತು.

ಪಂಕ್ತಿ ಕೂಡಿತು. ಹೋಳಿಗೆ ಬಡಿಸಿದರು, ಮೇಲೆ ತುಪ್ಪ ಸುರಿದರು. ಧಾರವಾಡದ ಮಾಳಮಡ್ಡಿಯಲ್ಲಿ ವಕೀಲಿ ಮಾಡುತ್ತಿದ್ದ ಸಾಹುಕಾರರ ಹಿರಿಯ ಮಗ ತಾನೇ ಹಿತ್ತಾಳೆಯ ಬಿಂದಿಗೆ ಹಿಡಿದು ಹೆಂಗಸರ ಸಾಲಿಗೂ ನೀರು ಹಾಕುತ್ತ ಬಂದ. "ನಮ್ಮ ಬಾವೀದ ನೀರ್ರಿ. ಕುಡೀರಿ, ಅಮೃತ ಇದ್ದಂಗ ಐತಿ." ನನ್ನ ಎದುರಿನ ವಾಟಗ ತುಂಬಿತು. ಸುತ್ತಲೂ ತುಪ್ಪದ ಕೈಗಳು, ಚಪ್ಪರಿಸುವ ಬಾಯಿಗಳು, ನೊಣಗಳು. ನನಗೆ ಅಂಗಾಲಿನ ಕೆಳಗೆ ಆ ಸಗಣಿ ನೀರು ಹರಿದಂತಾಯಿತು. ಬಾಯಿ ಮುಚ್ಚಿಕೊಂಡು ಎದ್ದೆ. ಹಿಂದಿನ ಗೋಡೆಯವರೆಗೂ ಹೋಗಲಾಗಲಿಲ್ಲ, ಪಡಸಾಲೆಯ ಮೆಟ್ಟಿಲಲ್ಲೇ ಕಾರಿಕೊಂಡೆ.

ಹೆಂಗಸರಿಗೆ ಬಲು ಸಂತೋಷವಾಯಿತು. ನಾಲ್ಕಾರು ಜನ ನಗುತ್ತ ನನ್ನನ್ನು ಸುತ್ತುವರಿದರು.

"ಎಷ್ಟ ತಿಂಗಳವಾ?"

"ನಿಮ್ಮತ್ತಿಗೆ ಹೇಳೀಯೋ ಇಲ್ಲೋ?"

"ಸಾವ್ಕಾರ್ರ ನೆನಪಿನ ದಿನಾನ ಗೊತ್ತಾತಲ್ಲ, ಅವರ ಆಶೀರ್ವಾದ ಇದು!"

ಸಾಹುಕಾರರ ಹೆಂಡತಿ ಕುಳಿತಲ್ಲಿಂದಲೇ ತನ್ನ ಸೊಸೆಗೆ, "ಒಂದ ಖಣ ತಗೊಂಡ ಬಾ. ಹುಡಿಗಿ ಉಡಿ ತುಂಬು," ಎಂದಳು. ಸೊಸೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ, ಸೆರಗು ಹಿಡಿಸಿ, ಅಕ್ಕಿ, ಕೊಬ್ಬರಿ ಹಾಕತೊಡಗಿದಳು. ನನ್ನ ಬಾಯಲ್ಲಿ ಇನ್ನೂ ಹುಳಿ ಇತ್ತು. ನಾನು ಸೆರಗು ಬಿಟ್ಟುಬಿಟ್ಟೆ. ಅಕ್ಕಿ ಕೆಳಗೆ ಚೆಲ್ಲಿತು.

"ನಾ ಬಸರಿಲ್ರಿ," ಎಂದೆ. "ನಿಮ್ಮ ನೀರ ನೋಡಿ ಹೇಸಿಕಿ ಬಂತು. ಅಜ್ಜಿ ಸಾಯೂಮುಂದ ಒಂದ ತಂಬಿಗಿ ಬೇಡಿದ್ನಿ. ಎಮ್ಮಿ ಮೈ ತೊಳ್ಯಾಕ ಇತ್ತು, ಆಕಿಗೆ ಇರ್ಲಿಲ್ಲ."

ಎದುರು ಮನೆಯಾಕೆ ತಲೆ ತಗ್ಗಿಸಿದಳು. ಆಚೆ ಗಂಡಸರ ಪಂಕ್ತಿಯಲ್ಲಿ ಯಾರೋ ಇನ್ನೊಂದು ಹೋಳಿಗೆ ಕೇಳುತ್ತಿದ್ದರು. ಆಮೇಲೆ ಒಬ್ಬಾಕೆ, "ಪಿತ್ತ ಆಗಿರಬೇಕು, ಹುಡಿಗಿಗೆ ತಲಿ ತಿರಗೇತಿ," ಎಂದಳು. ಉಳಿದವರು ಹೌದು ಹೌದು ಎಂದು ತಂತಮ್ಮ ಎಲೆಗೆ ಮರಳಿದರು.

ಕೆಲವು ದಿನ ಬಿಟ್ಟು ಸಾಹುಕಾರರ ಹೆಂಡತಿ ನನ್ನನ್ನು ಕರೆಸಿದಳು. ಬೈಯುತ್ತಾಳೆಂದು ಗಟ್ಟಿಯಾಗಿಯೇ ಹೋದೆ. ಅವಳು ಬೈಯಲಿಲ್ಲ. ಬರಿ ಹಣೆಯಲ್ಲಿ, ತೂಗುಮಂಚದ ಮೇಲೆ ಕುಳಿತಿದ್ದಳು.

"ಕೀಲಿಕೈ ನನ್ನ ಸೊಂಟದಾಗ ಇತ್ತು," ಎಂದಳು. "ಅವತ್ತ ನೀ ಕೂಗಿದ್ದು ಕೇಳಿಸ್ತು. ಕೊಡಲಿಲ್ಲ. ಮನ್ಯಾಗ ಐದ ಮೊಮ್ಮಕ್ಕಳಿದ್ವು. ಹೊರಗಿನ ಕೊಡ ಬಾವ್ಯಾಗ ಇಳದ್ರ ರೋಗಾ ಇಳೀತದ ಅಂತ ಹೆದರಿಕಿ. ಐದೂ ಉಳದಾವು. ನೀನೂ ತಾಯಿ ಆಗು, ಆಮ್ಯಾಲ ನನಗ ಹೇಳು."

"ಕೊಡ ಇಳಸೂದ ಬ್ಯಾಡ. ನೀವ ಸೇದಿ ಗ್ವಾಡಿ ಮ್ಯಾಲಿಂದ ಹಾಕಬಹುದಿತ್ತಲ್ರೀ."

ಅವಳು ತೂಗುಮಂಚವನ್ನು ಕಾಲಿನಿಂದ ತಡೆದು ನಿಲ್ಲಿಸಿದಳು. "ಅದು ಹೊಳೀಲಿಲ್ಲ," ಎಂದಳು.

ಆ ಮಾತು ಖರೆಯೋ ಸುಳ್ಳೋ ನನಗೆ ಇಂದಿಗೂ ತಿಳಿದಿಲ್ಲ. ಮುಂದೆ ನಾನೂ ತಾಯಿಯಾದೆ. ಹೆದರಿಕೆ ಎಂದರೇನೆಂದು ಗೊತ್ತಾಯಿತು. ಮಕ್ಕಳಿಗಾಗಿ ಬಾಗಿಲು ಮುಚ್ಚಿಕೊಂಡವರನ್ನು ನಾನು ಅರ್ಧ ಮನ್ನಿಸಬಲ್ಲೆ. ಆದರೆ ಆ ಬೇಸಿಗೆಯ ಮರುವರ್ಷ ಆ ವಕೀಲ ಹಿತ್ತಲ ಬಾಗಿಲಿನ ಪಕ್ಕದ ಗೋಡೆಗೆ ಒಂದು ಕಲ್ಲು ಕೂರಿಸಿದ. ತಂದೆಯ ಹೆಸರು, ಅದರ ಕೆಳಗೆ "ಜಲದಾನಿ" ಎಂದು ಕೆತ್ತಿಸಿದ್ದ. ಹೂವು ಏರಿಸಿದರು, ಸಕ್ಕರೆ ಹಂಚಿದರು. ಅದನ್ನು ಮಾತ್ರ ನಾನು ಮನ್ನಿಸಲಾರೆ. ಕೀಲಿ ಹಾಕಿದ್ದು ಅಂಜಿಕೆಯಿಂದ ಇರಬಹುದು. ಇದನ್ನು ಬರೆಸುವಾಗ ಯಾರಿಗೂ ಯಾವ ಅಂಜಿಕೆಯೂ ಇರಲಿಲ್ಲ. ನನ್ನ ಮಗಳು ಸಾಲಿಗೆ ಸೇರಿದ ಹೊಸದರಲ್ಲಿ ಕಂಡ ಅಕ್ಷರವನ್ನೆಲ್ಲ ಕೂಡಿಸಿ ಓದುತ್ತಿದ್ದಳು. ಒಂದು ದಿನ ನೀರಿಗೆ ಹೋದಾಗ ಆ ಕಲ್ಲಿನ ಮುಂದೆ ನಿಂತು, "ಜ-ಲ-ದಾ-ನಿ, ಅಂದ್ರ ಏನವ್ವಾ?" ಎಂದಳು. "ಸುಳ್ಳು ಅಂತ ಅರ್ಥ," ಎಂದೆ. ಕೂಸು ಸಾಲಿಗೆ ಹೋಗಿ ಹಾಗೆಯೇ ಹೇಳಿ ಏಟು ತಿಂದು ಬಂತು.

ನಮ್ಮತ್ತೆ ಬಹಳ ವರ್ಷ ಬದುಕಿದರು. ಕೊನೆಯ ದಿನಗಳಲ್ಲಿ ಒಮ್ಮೆ ನನ್ನನ್ನು ಹತ್ತಿರ ಕೂರಿಸಿಕೊಂಡು, "ನಾ ಸತ್ತ ಮ್ಯಾಲೆ ನನ್ನ ದೇವಿ ಮಾಡಬ್ಯಾಡ," ಎಂದರು.

"ಯಾರ ಮಾಡ್ತಾರ ಬಿಡ್ರಿ," ಎಂದೆ. ಅವರು ನಕ್ಕರು, ನಕ್ಕು ಕೆಮ್ಮಿದರು.

ಅವರು ಹೋದ ಹನ್ನೊಂದನೆಯ ದಿನ ಹೆಂಗಸರು ಕೂಡಿದಾಗ ಮಾತು ಶುರುವಾಯಿತು. ಎಂಥ ಶಾಂತ ಸ್ವಭಾವ, ಒಂದು ದಿನ ಸೊಸೆಗೆ ಗದರಲಿಲ್ಲ, ಹೀಗೆ. ಮಠದ ಪಡಸಾಲೆಯಲ್ಲಿ ಕೇಳಿದ್ದ ಅದೇ ತುಪ್ಪದ ದನಿ. ನಾನು ತಡೆದೆ. "ಹಂಗಲ್ರಿ. ನಮ್ಮತ್ತಿ ನನಗ ಸವಟಿನಿಂದ ಹೊಡದಾರ. ನನ್ನ ತವರಮನಿ ಸೀರಿ ಕದ್ದು ಮಗಳಿಗೆ ಕೊಟ್ಟಾರ. ನನ್ನ ಮೊದಲನೇ ಬಾಣಂತನದಾಗ ನನ್ನ ತಲಿ ತೊಡಿ ಮ್ಯಾಲ ಇಟಗೊಂಡು ಬೆಳತನಕ ಕುಂತಿದ್ದೂ ಅವರ." ಒಂದಿಬ್ಬರು ಮುಖ ಸಿಂಡರಿಸಿಕೊಂಡು ಎದ್ದು ಹೋದರು. ಉಳಿದವರಲ್ಲಿ ಒಬ್ಬಳು ಮುದುಕಿ ಮೆಲ್ಲಗೆ, "ಬೆಂಡಿಕಾಯಿ ಸಲುವಾಗಿ ಸಂತ್ಯಾಗ ನನ್ನ ಜೋಡಿ ಜಗಳಾ ಮಾಡಿ ಮೂರ ವರ್ಷ ಮಾತ ಬಿಟ್ಟಿದ್ಲು," ಎಂದಳು. ಇನ್ನೊಬ್ಬಳು ಇನ್ನೊಂದು ನೆನೆದಳು. ಅಳುವವರು ಅತ್ತರು, ನಗುವವರು ನಕ್ಕರು. ಒಲೆಯ ಮೇಲೆ ಚಹಾ ಉಕ್ಕಿ ಬಂತು, ಇಳಿಸಲು ಎದ್ದೆ.